ಪೈಲ್ವಾನ ಉಡಿ ಒಡ್ಡಿದ್ದು

ಪರಮಪೂಜ್ಯ ಅಡವಯ್ಯಜ್ಜನವರು ಆ ದಿನ ಮಠದ ದಾಸೋಹದ ಮನೆಯಲ್ಲಿ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮಹಾತ್ಮರೆಂದರೆ ಹುಲಿಚರ್ಮದ ಮೇಲೆ ಇರುತ್ತಾರೆ ಅಂತ ಬಂದವರು ಅಜ್ಜನವರನ್ನೇ 'ಅಜ್ಜಾರು ಎಲ್ಲದಾರ?' ಅಂತ ಕೇಳಿಬಿಡುತ್ತಿದ್ದರು.

ಭರಮಪ್ಪ ಪೈಲ್ವಾನ ಹೆಂಡತಿ ಶಂಕ್ರವ್ವನನ್ನೂ ತಾಯಿ ಕಾಳವ್ವನನ್ನೂ ಕರೆದುಕೊಂಡು ಬಂದ. ಕಾಳವ್ವ ಉಡಿ ತುಂಬುವ ತಟ್ಟೆ ಕೆಳಗಿಟ್ಟಳು. ಕೂಸಾಗಲಿ ಅಂತ ಹೆಣ್ಣಿನ ಮಡಿಲಿಗೆ ಹಾಕುವ ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ರವಿಕೆಯ ಖಣ.

"ಅಜ್ಜಾರ, ಈ ಬಂಜಿಗೆ ಕಡೀ ಸಲ ಉಡಿ ತುಂಬ್ರಿ. ಈ ಸಲಾನೂ ಆಗ್ಲಿಲ್ಲಂದ್ರ ಮಗಗ ಬ್ಯಾರೆ ಹೆಣ್ಣು ತರ್ತೀನಿ."

ಶಂಕ್ರವ್ವ ತಲೆ ಎತ್ತಲಿಲ್ಲ. ಊರಿನ ಗುಂಡುಕಲ್ಲನ್ನೆಲ್ಲ ಎತ್ತಿದ ಪೈಲ್ವಾನನೂ ತಲೆ ಎತ್ತಲಿಲ್ಲ.

"ಡಾಕ್ಟರು ಏನಂದ್ರವ್ವಾ?" ಎಂದರು ಅಜ್ಜನವರು.

"ನಂದೆಲ್ಲಾ ಸರಿ ಐತಂತ್ರಿ. ಗುಳಿಗಿ, ಸೂಜಿ, ಐವಿಎಫ್, ದಾರಿ ಭಾಳ ಅದಾವಂತ. ಯಾವುದು ಅಂತ ಹೇಳಾಕ ಇವರದೂ ಪರೀಕ್ಷೆ ಆಗ್ಬೇಕಂತ. ಅದಕ್ಕ ಇವರ ಕೈಯಾಗ ಡಬ್ಬಿ ಕೊಟ್ಟಿದ್ರು..." ಅಂದವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

ಆ ಅಂಗೈಯಗಲದ ಡಬ್ಬಿಯನ್ನು ಎತ್ತಲಾರದೆ ಪೈಲ್ವಾನ ಆಸ್ಪತ್ರೆಯ ಹಿಂಬಾಗಿಲಿಂದ ಓಡಿಬಂದಿದ್ದ. ಮನೆಯಲ್ಲಿ 'ದೋಷ ಆಕೀದಂತ' ಅಂದಿದ್ದ.

"ಗಂಡಸಿಗೆಂಥಾ ಪರೀಕ್ಷೆ!" ಅಂತ ಕಾಳವ್ವ ಸಿಡಿದಳು.

ಅಜ್ಜನವರು ಕೈಯ ಸಿಪ್ಪೆ ಕೊಡವಿ, ತಟ್ಟೆ ಹಿಡಿದು ಎದ್ದರು. ಶಂಕ್ರವ್ವ ಸೆರಗು ಒಡ್ಡಿದಳು. ಪೂಜ್ಯರು ಅವಳನ್ನು ದಾಟಿ ಪೈಲ್ವಾನನ ಎದುರು ನಿಂತರು.

"ಉಡಿ ಒಡ್ಡು."

ಊಟಕ್ಕೆ ಕೂತವರೆಲ್ಲ ತುತ್ತು ಬಿಟ್ಟು ನೋಡಿದರು. ಯಾರೋ ಕಿಸಕ್ಕೆಂದರು.

"ನಾ... ನಾ ಗಂಡಸರೀ, ಅಜ್ಜಾರ."

"ಕೂಸು ನಿನಗೂ ಬೇಕಲ್ಲೋ, ತಮ್ಮಾ?"

ಅಷ್ಟೇ. ಪೈಲ್ವಾನನ ಕಿವಿ ಕೆಂಪಾದವು. ಹೆಗಲ ಟವೆಲ್ ತೆಗೆದು ಒಡ್ಡಿದ. ಅಜ್ಜನವರು ಕಾಯಿ ಇಟ್ಟರು. ಗುಂಡುಕಲ್ಲು ಎತ್ತಿದವನು ಆ ಕಾಯಿಯನ್ನು ಟವೆಲ್ ಸಮೇತ ಎದೆಗವಚಿಕೊಂಡ.

"ಯವ್ವಾ," ಅಂದ, ತಾಯಿಯ ಮುಖ ನೋಡಲಾರದೆ. "ಆಕೀದೇನೂ ದೋಷ ಇಲ್ಲ. ಸುಳ್ಳು ಹೇಳೀನಿ. ಪರೀಕ್ಷೆಗೆ ಹೆದರಿ ಓಡಿಬಂದೀನಿ."

ಕಾಳವ್ವ ಸೊಸೆಯ ಹತ್ತಿರ ಸರಿದಳು. ಅವಳು ಒಡ್ಡಿದ್ದ ಖಾಲಿ ಸೆರಗನ್ನು ತಾನೇ ಸರಿಮಾಡಿದಳು. ಅಜ್ಜನವರು ಮತ್ತೆ ಶೇಂಗಾ ಸುಲಿಯತೊಡಗಿದರು.

ಪೈಲ್ವಾನ ಆ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದೇ ಬಸ್‌ಸ್ಟ್ಯಾಂಡಿಗೆ ನಡೆದ. ಗರಡಿಯ ಗೆಳೆಯರು ಅಡ್ಡಬಂದರು.

"ಏನೋ ಪೈಲ್ವಾನಾ, ನಿನಗ್ಯಾರು ಉಡಿ ತುಂಬಿದ್ರೋ!"

"ಅಜ್ಜಾರು. ಪರೀಕ್ಷೆ ಮಾಡಿಸ್ಕೊಳ್ಳಾಕ ಹೊಂಟೀನಿ, ದಾರಿ ಬಿಡ್ರಿ."

ಹಿಂದೆ ಬರುತ್ತಿದ್ದ ಶಂಕ್ರವ್ವ ಆಗ ತಲೆ ಎತ್ತಿದಳು.