ಕಡಲಿಗೆ ಮುಖ ಮಾಡಿ ಹೊಗುವ ಗುಹೆ

“ಗುರುಗಳೇ, ಒಂದೇ ಆಚಾರಕ್ಕೆ ಹಿರಿಯರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಯಾವುದು ನಿಜವೆಂದು ತಿಳಿಯದೆ ತಲೆ ಕೆಟ್ಟುಹೋಗಿದೆ. ಕಾರಣ ಗೊತ್ತಿಲ್ಲದೆ ನಡೆದುಕೊಳ್ಳುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಘಟ್ಟದ ಮೇಲಿನ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಮೂರು ಕಡೆ ವಿಚಾರಿಸದೆ ಒಂದು ಟವೆಲನ್ನೂ ಕೊಳ್ಳದ ಆಸಾಮಿ. ಹಾಸಿಗೆ ಹಿಡಿದ ಅವನ ತಾಯಿಗೆ ಒಂದೇ ಆಸೆ ಉಳಿದಿತ್ತು. ಕಡಲ ದಂಡೆಯ ಹೆಸರಾಂತ ಗುಹೆಯಲ್ಲಿ ಬಂಡೆಯಿಂದ ತೊಟ್ಟಿಕ್ಕುವ ಸಿಹಿನೀರನ್ನು ಕಣ್ಣು ಮುಚ್ಚುವ ಮೊದಲು ಒಂದು ಗುಟುಕು ಕುಡಿಯಬೇಕು. ಮಗ ತಂಬಿಗೆ ಹಿಡಿದು ಘಟ್ಟ ಇಳಿದ.

ಗುಹೆ ಇದ್ದದ್ದು ಪಾಳುಬಿದ್ದ ಕೋಟೆಯ ಬುಡದಲ್ಲಿ. ಕಡಲು ಇಳಿದಾಗ ಮಾತ್ರ ಅಲ್ಲಿಗೆ ದಾರಿ. ಆ ಊರಿನವರೆಲ್ಲ ಕಡಲಿಗೆ ಮುಖ ಮಾಡಿ, ಹಿಂದಿಂದಕ್ಕೆ ಹೆಜ್ಜೆ ಇಡುತ್ತ ಒಳಗೆ ಹೋಗುತ್ತಿದ್ದರು. ಗುಹೆಯೊಳಗಿನ ದೇವರಿಗೇ ಬೆನ್ನು ತೋರಿಸಿ ಹೋಗುವ ಭಕ್ತರನ್ನು ಕಂಡು ವ್ಯಾಪಾರಿ ತಬ್ಬಿಬ್ಬಾದ.

ಕೋಟೆಯ ಕಾವಲುಗಾರನನ್ನು ಕೇಳಿದ. ಹೆಜ್ಜೆ ನೋಡಿದ ಶತ್ರು ಮೋಸಹೋಗಲಿ ಎಂದು ರಾಜನೊಬ್ಬ ಹಾಗೆ ನಡೆದನಂತೆ. ಗುಹೆಯ ಪೂಜಾರಿ ಅದನ್ನು ಒಪ್ಪಲಿಲ್ಲ. ಒಳಗೆ ತಪಸ್ಸಿಗೆ ಕೂತ ಋಷಿಯನ್ನು ಎದುರಿನಿಂದ ನೋಡಿದವನು ಸುಟ್ಟುಹೋಗುತ್ತಾನೆ ಎಂದ. ಬಲೆ ಬಿಡಿಸುತ್ತಿದ್ದ ಮುದುಕಿಯ ಪ್ರಕಾರ ಕಡಲು ತಾಯಿ, ತಾಯಿಗೆ ಬೆನ್ನು ಹಾಕಬಾರದು. ವ್ಯಾಪಾರಿಯ ತಲೆ ಗಿರ್ರೆಂದಿತು. ರಾಜನೋ, ಋಷಿಯೋ, ತಾಯಿಯೋ?

“ಯಾವ್ದಾದ್ರೂ ಇರ್ಲಿ ಒಡೆಯಾ, ನೀವು ಹಿಂದಿಂದಕ್ಕೇ ಹೋಗಿ,” ಎಂದಳು ಮುದುಕಿ.

“ಮೂರು ಅಂಗಡಿಯಲ್ಲಿ ಮೂರು ದರ ಹೇಳಿದರೆ ಮಾಲೇ ಖೋಟಾ, ಅಮ್ಮಾ,” ಎಂದು ವ್ಯಾಪಾರಿ ಗುಹೆಯತ್ತ ನೆಟ್ಟಗೆ ನಡೆದ.

ಬಾಗಿಲ ಹತ್ತಿರ ಹೋಗಿದ್ದನಷ್ಟೆ. ಹಿಂದಿನಿಂದ ಬಂದ ದೊಡ್ಡ ಅಲೆ ಅವನನ್ನು ಬಂಡೆಗೆ ಅಪ್ಪಳಿಸಿತು. ಊರಿನವರು ಹೇಗೋ ಎಳೆದು ದಡ ಸೇರಿಸಿದರು. ಕಾಲು ಮುರಿದಿತ್ತು, ತಂಬಿಗೆ ಕಡಲು ಸೇರಿತ್ತು. ಅವರೇ ಬೇರೊಂದು ಚೊಂಬಿನಲ್ಲಿ ನೀರು ತಂದುಕೊಟ್ಟು, ಕಾಲಿಗೆ ಪಟ್ಟಿ ಕಟ್ಟಿ, ನಾಲ್ಕು ದಿನ ಬಿಟ್ಟು ಗಾಡಿ ಹತ್ತಿಸಿದರು. ಅವನು ಮನೆ ಮುಟ್ಟುವ ಹಿಂದಿನ ದಿನವೇ ತಾಯಿ ತೀರಿಕೊಂಡಿದ್ದಳು. ವ್ಯಾಪಾರಿ ಚೊಂಬು ತಬ್ಬಿಕೊಂಡು ಗೋಳೋ ಎಂದು ಅತ್ತ.

ಶಿಷ್ಯನಿಗೆ ಗೊಂದಲ ಇನ್ನೂ ಹೆಚ್ಚಿತು. “ಹಾಗಾದರೆ ಆ ಮೂರರಲ್ಲಿ ನಿಜ ಯಾವುದು, ಗುರುಗಳೇ?”

“ಅದು ನನಗೂ ಗೊತ್ತಿಲ್ಲಪ್ಪ, ಆದರೆ ತಮ್ಮ ತಮ್ಮ ಕಾರಣ ಹೇಳುವಾಗ ಆ ಮೂವರಲ್ಲಿ ಒಬ್ಬರೂ ಕಡಲಿನಿಂದ ಕಣ್ಣು ತೆಗೆದಿರಲಿಲ್ಲ.”