ಒದ್ದೆಯಾಗದ ಪಂಜರಗಳು

ಶಿಷ್ಯನು ಕೇಳಿದನು: "ಗುರುಗಳೇ, ಒಂದನ್ನು ನಂಬಿದ ಮೇಲೆ ಮತ್ತೆ ಪರೀಕ್ಷಿಸಿದರೆ ನಂಬಿಕೆಗೆ ಕುಂದು ಬರುವುದಿಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಸಕ್ಕರೆ ಕಾಯಿಲೆಗೆ ಔಷಧ ಹುಡುಕುವುದು ಅವಳ ಕೆಲಸ. ಅದಕ್ಕಾಗಿ ಆಕೆ ಒಂದು ಜಾತಿಯ ಇಲಿಗಳನ್ನು ಸಾಕಿದ್ದಳು. ಆ ಜಾತಿಯಲ್ಲಿ ತಾಯಿಯಿಂದಲೂ ತಂದೆಯಿಂದಲೂ ದೋಷದ ಜೀನ್ ಪಡೆದ ಮರಿಗೆ ಕಾಯಿಲೆ ತಪ್ಪದು. ಒಬ್ಬರಿಂದ ಮಾತ್ರ ಪಡೆದ ಮರಿ ಆರೋಗ್ಯವಾಗಿಯೇ ಇರುತ್ತದೆ. ಎಳೆಯದರಲ್ಲಿ ಎರಡೂ ನೋಡಲು ಒಂದೇ. ಆದ್ದರಿಂದ ಮೂರು ವಾರ ತುಂಬಿದಾಗ ಕಿವಿಯ ಅಂಚಿನಿಂದ ಎಳ್ಳಿನಷ್ಟು ಚರ್ಮ ತೆಗೆದು, ಜೀನ್ ಪರೀಕ್ಷಿಸಿ, ಮರಿಗಳನ್ನು ಬೇರ್ಪಡಿಸುತ್ತಿದ್ದರು.

ಹಾಗೆ ಕಾಯಿಲೆ ಬರುವವೆಂದು ಆರಿಸಿದ ಇಪ್ಪತ್ತು ಮರಿಗಳಿಗೆ ಆಕೆ ತನ್ನ ಔಷಧ ಕೊಟ್ಟಳು. ಹತ್ತು ವಾರ ಕಳೆಯಿತು. ಹದಿನಾಲ್ಕು ಇಲಿಗಳ ರಕ್ತದಲ್ಲಿ ಸಕ್ಕರೆ ಹದದಲ್ಲಿತ್ತು. ಆರು ವರ್ಷದ ದುಡಿಮೆ ಫಲ ಕೊಟ್ಟಿತೆಂದು ಎಲ್ಲರೂ ಹೊಗಳಿದರು. ಅವಳ ತಮ್ಮನಿಗೂ ಅದೇ ಕಾಯಿಲೆ. ಆಗಲೇ ಕಾಲಿನ ಒಂದು ಬೆರಳು ತೆಗೆಸಿದ್ದ. ಆಕೆ ಅವನಿಗೆ ಫೋನ್ ಮಾಡಿ, "ಔಷಧ ಸಿಕ್ಕಿತು ಕಣೋ" ಎಂದಳು. ಫಲಿತಾಂಶದ ವರದಿ ಬರೆಯಲು ಕುಳಿತಳು.

ಪಂಜರಗಳನ್ನು ಶುಚಿ ಮಾಡುವ ಹಿರಿಯನೊಬ್ಬ ಬಂದು ಬಾಗಿಲಲ್ಲಿ ನಿಂತ.

"ಮೇಡಂ, ಕಾಯಿಲೆಯ ಇಲಿ ನೀರು ಕುಡಿದೂ ಕುಡಿದೂ ಪಂಜರದಲ್ಲಿ ಹಾಸಿದ ಹೊಟ್ಟನ್ನೆಲ್ಲ ಒದ್ದೆ ಮಾಡುತ್ತದೆ. ಇವುಗಳಲ್ಲಿ ಕೆಲವು ಪಂಜರ ಒಂದು ದಿನವೂ ಒದ್ದೆಯಾಗಲಿಲ್ಲ."

"ಔಷಧ ಹಿಡಿದಿರಬೇಕು."

"ಹಿಡಿದವೂ ಇವೆ. ಅವು ಮೊದಲು ಒದ್ದೆಯಾಗಿ ಆಮೇಲೆ ಒಣಗಿದವು. ನಾನು ಹೇಳುತ್ತಿರುವುದು ಉಳಿದವುಗಳ ಮಾತು."

ಅವನು ಹೋದ ಮೇಲೆ ಆಕೆ ಒಂದು ಸಾಲನ್ನೂ ಬರೆಯಲಾರದೆ ಹೋದಳು. ಅನ್ನ ಸೇರಲಿಲ್ಲ. ಮತ್ತೆ ಪರೀಕ್ಷಿಸು ಎಂದು ಯಾರೂ ಕೇಳಿರಲಿಲ್ಲ. ಪರೀಕ್ಷಿಸಿದರೆ ಆರು ವರ್ಷವೂ ನೀರಿನಲ್ಲಿ ಹೋಮ ಮಾಡಿದಂತಾಗಬಹುದು. ಸುಮ್ಮನಿದ್ದರೆ ಈ ವರದಿಯನ್ನು ನೆಚ್ಚಿ ನಾಳೆ ರೋಗಿಗಳು ಔಷಧ ನುಂಗುತ್ತಾರೆ. ತಮ್ಮನೂ ನುಂಗುತ್ತಾನೆ. ಎರಡು ದಿನ ಹೀಗೆ ತೊಳಲಿದಳು. ಮೂರನೆಯ ದಿನ ಬೆಳಗ್ಗೆ ಇಪ್ಪತ್ತು ಇಲಿಗಳ ಕಿವಿಯಿಂದಲೂ ಮತ್ತೆ ಚರ್ಮ ತೆಗೆದಳು. ಯಂತ್ರದ ಮುಂದೆ ಕೈಕಟ್ಟಿ ಕುಳಿತಳು.

ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಒಂಬತ್ತು ಇಲಿಗಳು ಕಾಯಿಲೆಯವೇ ಅಲ್ಲ. ಮರಿಗಳನ್ನು ಬೇರ್ಪಡಿಸಿದ ದಿನ ಗುರುತಿನ ಸಂಖ್ಯೆಗಳು ಅದಲುಬದಲಾಗಿದ್ದವು. ಉಳಿದ ಹನ್ನೊಂದಕ್ಕೆ ಕಾಯಿಲೆ ಬರಲೇಬೇಕಿತ್ತು. ಅವುಗಳಲ್ಲಿ ಆರು ಇಲಿಗಳು ಕಾಯಿಲೆ ಬಿದ್ದಿದ್ದವು. ಐದು ಗುಣವಾಗಿದ್ದವು.

ಆಕೆ ಆ ಐದರ ಸಂಖ್ಯೆಗಳನ್ನು ಮತ್ತೆ ಮತ್ತೆ ಓದಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಪಂಜರಗಳ ಕೋಣೆಗೆ ಹೋಗಿ ಹಿರಿಯನಿಗೆ ವಿಷಯ ಹೇಳಿ ಕೈಮುಗಿದಳು. ತಮ್ಮನಿಗೆ ಫೋನ್ ಮಾಡಿದಳು. "ನಾನು ಅವಸರಪಟ್ಟು ಹೇಳಿಬಿಟ್ಟೆ. ಇನ್ನೂ ಕೆಲವು ವರ್ಷ ಬೇಕು. ಆದರೆ ಔಷಧದಲ್ಲಿ ಏನೋ ಇದೆ, ಅದು ಸುಳ್ಳಲ್ಲ."

"ನಿನ್ನ ದನಿ ಈಗ ಸರಿಯಾಯಿತು ಅಕ್ಕ," ಎಂದ ತಮ್ಮ.

ವರದಿಯಲ್ಲಿ ಇಪ್ಪತ್ತರಲ್ಲಿ ಹದಿನಾಲ್ಕು ಎಂದಿದ್ದ ಕಡೆ ಹನ್ನೊಂದರಲ್ಲಿ ಐದು ಎಂದು ತಿದ್ದಿದಳು. ತಪ್ಪು ನಡೆದ ಬಗೆಯನ್ನೂ ಬರೆದಳು. ಆಮೇಲೆ ಬುತ್ತಿ ಬಿಚ್ಚಿ ಹೊಟ್ಟೆ ತುಂಬ ಉಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೇಳಿದನು: "ಹಾಗಾದರೆ ಔಷಧದ ಮೇಲೆ ಅವಳಿಗಿದ್ದ ನಂಬಿಕೆ ಅಂದು ಕುಗ್ಗಲಿಲ್ಲವೇ?"

ಗುರುಗಳು ಹೇಳಿದರು: "ನಂಬಿಕೆ ಹುಟ್ಟಿದ್ದೇ ಅಂದು, ಅಲ್ಲಿಯವರೆಗೆ ಇದ್ದದ್ದು ಆಸೆ."