ಮುಂಗುಸಿಯ ಬಿಸಿಲುಗಾಡಿ ಮತ್ತು ಸೇತುವೆಯ ಸುಂಕ

ಮಕ್ಕಳೇ, ಹೊಳೆಯಂಚಿನ ಕಾಡೊಂದರಲ್ಲಿ ಚೆಲುವಯ್ಯ ಎಂಬ ಮುಂಗುಸಿ ಇದ್ದ. ಅವನು ಎಂಥ ಗಾಡಿ ಮಾಡುತ್ತಿದ್ದ ಗೊತ್ತೇ? ಎಳೆಯುವುದು ಬೇಡ, ತಳ್ಳುವುದು ಬೇಡ! ಬಿಸಿಲು ಕುಡಿದ ಕಪ್ಪು ಕಲ್ಲುಗಳನ್ನು ಒಳಗೆ ತುಂಬಿದರೆ ಸಾಕು, ಗಾಡಿ ಜುಂಯ್ ಎಂದು ಓಡುತ್ತಿತ್ತು. ಆ ಕಲ್ಲು ಸಿಗುತ್ತಿದ್ದುದು ಮಾತ್ರ ಹೊಳೆಯ ಆಚೆ ದಡದಲ್ಲಿ.

ಒಂದು ದಿನ ಆಚೆ ದಡದ ನೀರುನಾಯಿಗಳೂ ಇಂಥದೇ ಗಾಡಿ ಮಾಡಿ, ಸೇತುವೆ ದಾಟಿ ಮಾರಲು ಬಂದವು. ಪ್ರಾಣಿಗಳೆಲ್ಲ ಅತ್ತ ಓಡಿದವು. ಚೆಲುವಯ್ಯನಿಗೆ ಹೊಟ್ಟೆ ಉರಿಯಿತು. ನೆಟ್ಟಗೆ ಆನೆರಾಜನ ಬಳಿ ಹೋದ.

"ಮಹಾಪ್ರಭು, ನಮ್ಮ ಕಾಡಿನ ಕಸುಬು ಉಳಿಯಬೇಕು. ಆಚೆಯಿಂದ ಏನೇ ಬಂದರೂ ಅರ್ಧ ಪಾಲು ಸುಂಕ ಕಿತ್ತುಕೊಳ್ಳಿ!"

"ಏನೇ ಬಂದರೂ? ಯೋಚಿಸಿ ಹೇಳಯ್ಯಾ."

"ಯೋಚನೆ ಎಂಥದ್ದು ಪ್ರಭು? ಏನೇ ಬಂದರೂ!"

ಸರಿ, ಸುಂಕ ವಸೂಲಿಗೆ ಸೇತುವೆಯ ಮೇಲೆ ಆಮೆ ದ್ಯಾವಕ್ಕ ಕುಳಿತಳು. ನಾಲ್ಕು ಚಕ್ರದ ಗಾಡಿ ಬಂದರೆ ಎರಡು ಚಕ್ರ ಸುಂಕ! ಅವಳು ಚಕ್ರಕ್ಕೆ ಕೈ ಹಾಕಿದ್ದೇ ತಡ, ನೀರುನಾಯಿಗಳು ಗಾಡಿ ತಿರುಗಿಸಿಕೊಂಡು ಹೋದವು. ಚೆಲುವಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಾಳೆ ನನ್ನ ಗಾಡಿ ಗುಡ್ಡದ ತುದಿ ಹತ್ತುತ್ತದೆ! ಹತ್ತಿದರೆ ಇಡೀ ಕಾಡಿಗೆ ನನ್ನದೇ ಗಾಡಿ!" ಎಂದು ಡಂಗುರ ಸಾರಿ, ಕಲ್ಲು ತರಲು ಹೋದ. ಮೂಟೆ ಹೊತ್ತು ಬರುವಾಗ ದ್ಯಾವಕ್ಕ ಅಡ್ಡ ನಿಂತಳು.

"ಅರ್ಧ ಇಳಿಸಣ್ಣ."

"ಅಯ್ಯೋ, ಇದು ಗಾಡಿಯಲ್ಲ, ಬರೀ ಕಲ್ಲು ಕಣಕ್ಕ!"

"ಏನೇ ಬಂದರೂ ಅಂತ ಕೇಳಿಕೊಂಡವನು ನೀನೇ ಅಲ್ವಾ?"

ಚೆಲುವಯ್ಯ ಹಲ್ಲು ಕಡಿಯುತ್ತ ಅರ್ಧ ಇಳಿಸಿದ.

ಮರುದಿನ ಸೇತುವೆಯ ಎದುರಿನ ಗುಡ್ಡದ ಬುಡದಲ್ಲಿ ಕಾಡಿಗೆ ಕಾಡೇ ಸೇರಿತ್ತು. ಮಂಗಗಳು ಶಿಳ್ಳೆ ಹೊಡೆದವು. "ಹತ್ತು ಚೆಲುವಯ್ಯ, ಹತ್ತು!" ಅರ್ಧ ಕಲ್ಲಿನ ಗಾಡಿ ಏರಿತು, ಇನ್ನೂ ಏರಿತು. ನಡುಗುಡ್ಡದಲ್ಲಿ ಕಲ್ಲುಗಳ ಬಿಸಿಲೆಲ್ಲ ಮುಗಿದು ನಿಂತೇಬಿಟ್ಟಿತು! ಮರುಕ್ಷಣವೇ ಹಿಂದಕ್ಕೆ ಜಾರತೊಡಗಿತು.

"ದಾರಿ ಬಿಡ್ರೋ! ದಾರಿ ಬಿಡ್ರೋ!" ಗಾಡಿಯೊಳಗಿಂದ ಚೆಲುವಯ್ಯ ಕೂಗಿದ.

ಮೊಲಗಳು ದಿಕ್ಕಾಪಾಲಾದವು. ಗಾಡಿ ದಡದಡ ಇಳಿದು, ಸೇತುವೆಯನ್ನೂ ದಾಟಿ, ಆಚೆ ದಡದ ಕೆಸರಿನಲ್ಲಿ ಹೂತುಕೊಂಡಿತು. ಪಾಪ, ಅದನ್ನು ಎಳೆದು ಮೇಲೆತ್ತಿದ್ದು ಅದೇ ನೀರುನಾಯಿಗಳು.

ಚೆಲುವಯ್ಯ ನಾಚಿಕೆಯಿಂದ ತಲೆ ತಗ್ಗಿಸಿ ಗಾಡಿ ತಳ್ಳುತ್ತ ಸೇತುವೆಗೆ ಬಂದ. ದ್ಯಾವಕ್ಕ ನಿಧಾನವಾಗಿ ಎದ್ದಳು.

"ಅಕ್ಕಾ, ಇದು ನನ್ನದೇ ಗಾಡಿ!"

"ಇರಬಹುದಣ್ಣ. ಆದರೆ ಬರ್ತಿರೋದು ಆಚೆಯಿಂದ. ಎರಡು ಚಕ್ರ ಬಿಚ್ಚು."

ನೀತಿ: ಎದುರಾಳಿಯನ್ನು ತಡೆಯುವ ಆತುರದಲ್ಲಿ ಮುಂದಾಲೋಚನೆಯಿಲ್ಲದೆ ಮಾಡಿಸಿದ ಕಟ್ಟಳೆ ನಮ್ಮ ದಾರಿಯನ್ನೇ ಮುಚ್ಚುತ್ತದೆ.